ಮನೆಗೆ ಕರೆಂಟ್ ಬೇಡ, ಡೀಸೆಲ್ ಎಂಜಿನ್ ಆಗಬಹುದು: ಆಮಿಶ್ ಜನರ ಸರಳ ಬದುಕಿನ ಲೆಕ್ಕ ಏನು?

ಸಸ್ಕ್ವೆಹಾನಾ ತೀರ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ ನಮ್ಮ ಮನೆಗೆ ದೂರವಿಲ್ಲ. ಕುದುರೆಗಾಡಿಯಲ್ಲಿ ಓಡಾಡುವ ಕ್ರೈಸ್ತ ಪಂಥದವರಾದ ಆಮಿಶ್ ಜನರನ್ನು ರಸ್ತೆಯಲ್ಲಿ, ಸಂತೆಯಲ್ಲಿ ನೋಡುತ್ತಲೇ ಇರುತ್ತೇವೆ. ಈ ಬೇಸಿಗೆಯಲ್ಲಿ ಹಿತ್ತಲಲ್ಲಿ ಒಂದು ಶೆಡ್ ಕಟ್ಟಿಸಬೇಕಿತ್ತು, ಆಮಿಶ್ ಬಡಗಿಗಳಿಗೆ ಕೆಲಸ ಕೊಟ್ಟೆವು. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೇ ವ್ಯಾನ್‌ನಲ್ಲಿ ಬಂದರು. ವ್ಯಾನ್ ಓಡಿಸಿದವನು ಮಾತ್ರ ಆಮಿಶ್ ಅಲ್ಲ, ಬಾಡಿಗೆ ಡ್ರೈವರ್. ಮೊಳೆ ಹೊಡೆಯಲು ಗಾಳಿ ಗನ್, ಅದಕ್ಕೊಂದು ಕಂಪ್ರೆಸರ್, ಮೇಸ್ತ್ರಿಯ ಜೇಬಲ್ಲಿ ಮೊಬೈಲ್. ಕೆಲಸ ಬಹಳ ಅಚ್ಚುಕಟ್ಟು. ಹೊರಡುವಾಗ ಹುಲ್ಲಿನ ಮೇಲೆ ಒಂದು ಮೊಳೆ ಬಿಟ್ಟಿರಲಿಲ್ಲ.

ಕೇಳಬೇಕಾಗಿರುವುದು ಎರಡು ವಿಷಯ. ಮನೆಗೆ ಕರೆಂಟ್ ತಂತಿ ಎಳೆಸುವುದಿಲ್ಲ, ಕಾರು ಕೊಳ್ಳುವುದಿಲ್ಲ, ಆದರೆ ಡೀಸೆಲ್ ಎಂಜಿನ್, ಬಾಡಿಗೆ ವ್ಯಾನ್ ಎಲ್ಲ ನಡೆಯುತ್ತದೆ. ಇದಕ್ಕೆ ಏನಾದರೂ ತರ್ಕ ಇದೆಯಾ, ಅನುಕೂಲ ನೋಡಿಕೊಂಡು ಮಾಡಿಕೊಂಡ ನಿಯಮವಾ? ಇನ್ನೊಂದು, ಎಲ್ಲರೂ ಇದನ್ನು ಸರಳ ಜೀವನ ಅಂತಾರೆ. ನಾನು ನೋಡಿದ ಮಟ್ಟಿಗೆ ಇವರು ನಮ್ಮೆಲ್ಲರಿಗಿಂತ ಜಾಸ್ತಿ ದುಡಿಯುತ್ತಾರೆ. ಹತ್ತಿರದಿಂದ ಕಂಡವರು ಹೇಳಿ.

ಬಯಲುಸೀಮೆ
ಬೇರೆಯವನು ಓಡಿಸುವ ವ್ಯಾನ್ ಹತ್ತಬಹುದು, ತಾನು ಕಾರು ಕೊಳ್ಳಬಾರದು. ಇದರಲ್ಲಿ ತರ್ಕ ಎಲ್ಲಿದೆ ಸರ್? ಸುಮ್ನೆ ನಿಯಮದ ಸಂದಿಯಲ್ಲಿ ನುಸುಳುವುದು ಇದು.

ಇತಿಹಾಸದ ಮೇಷ್ಟ್ರು
ತರ್ಕ ಖಂಡಿತ ಇದೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಈ ಪಂಥದ ಬೇರು 1525ರ ಜ್ಯೂರಿಚ್‌ನಲ್ಲಿದೆ. ಅಲ್ಲಿನ ಕೆಲವು ಕ್ರೈಸ್ತರು, ಎಳೆಮಗುವಿಗೆ ದೀಕ್ಷಾಸ್ನಾನ ಬೇಡ, ಬುದ್ಧಿ ಬಂದ ಮೇಲೆ ಮನುಷ್ಯ ತಾನೇ ಒಪ್ಪಿ ತೆಗೆದುಕೊಳ್ಳಲಿ ಅಂದರು. ಅಷ್ಟಕ್ಕೇ ಆಗ ಆಳುತ್ತಿದ್ದವರು ಅವರನ್ನು ನೀರಲ್ಲಿ ಮುಳುಗಿಸಿದರು, ಸುಟ್ಟರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಹಿರಿಯ, ಶಿಸ್ತು ಸಡಿಲವಾಗಿದೆ ಅಂತ ತನ್ನ ಗುಂಪು ಕಟ್ಟಿಕೊಂಡು ಬೇರೆಯಾದ. ಆಮಿಶ್ ಅನ್ನುವ ಹೆಸರು ಬಂದದ್ದು ಅವನಿಂದ. 18ನೇ ಶತಮಾನದಲ್ಲಿ ಇವರು ಪೆನ್ಸಿಲ್ವೇನಿಯಾಕ್ಕೆ ಬಂದರು, ಅಲ್ಲಿ ಯಾವ ಮತದವರಿಗೂ ಕಿರುಕುಳ ಇರಲಿಲ್ಲ. ಯುರೋಪಿನಲ್ಲಿ ಈಗ ಆಮಿಶ್ ಸಭೆ ಅಂತ ಒಂದೂ ಉಳಿದಿಲ್ಲ.

ಈಗ ನಿಮ್ಮ ಪ್ರಶ್ನೆ. ಇವರಿಗೆ ಪೋಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ. 25ರಿಂದ 40 ಕುಟುಂಬ ಸೇರಿದರೆ ಒಂದು ಚರ್ಚ್ ಡಿಸ್ಟ್ರಿಕ್ಟ್. ಪ್ರತಿಯೊಂದಕ್ಕೂ ತನ್ನದೇ ಓರ್ಡ್ನುಂಗ್, ಅಂದರೆ ಬದುಕುವ ಕಟ್ಟಳೆ. ಅದು ಹೆಚ್ಚಾಗಿ ಬಾಯಿಮಾತಿನಲ್ಲೇ ಇರುತ್ತದೆ. ವರ್ಷಕ್ಕೆ ಎರಡು ಸಲ ಎಲ್ಲರೂ ಕೂತು ಅದನ್ನು ಒಪ್ಪಬೇಕು, ಒಪ್ಪಿಗೆ ಆಗದಿದ್ದರೆ ಪ್ರಭುಭೋಜನ ಸಂಸ್ಕಾರವೇ ಮುಂದಕ್ಕೆ ಹೋಗುತ್ತದೆ. ಹೊಸ ವಸ್ತು ಬಂದಾಗ ಅವರು ಕೇಳುವುದು ಇದು ಪಾಪವಾ ಅಂತ ಅಲ್ಲ. ಇದು ಬಂದರೆ ಮನೆ, ನೆರೆಹೊರೆ ಏನಾಗುತ್ತದೆ ಅಂತ. ಕಾರು ಹತ್ತುವುದರಲ್ಲಿ ಪಾಪ ಇಲ್ಲ. ಮನೆ ಮುಂದೆ ಕಾರು ನಿಂತರೆ ಮಗ ಸಂಜೆಯಾದರೆ ಊರಲ್ಲಿ ಇರಲ್ಲ, ಅಪ್ಪ ಎಂಬತ್ತು ಮೈಲಿ ದೂರ ಕೆಲಸಕ್ಕೆ ಹೋಗುತ್ತಾನೆ, ಭಾನುವಾರ ಬೇಕಾದ ಚರ್ಚಿಗೆ ಹೋಗುತ್ತಾನೆ. ಕುದುರೆಗಾಡಿ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ಬದುಕೆಲ್ಲ ಆ ಅಳತೆಯೊಳಗೇ ನಡೆಯಬೇಕು. ವ್ಯಾನ್ ಬಾಡಿಗೆಗೆ ಕರೆದರೆ ಪ್ರತಿ ಮೈಲಿಗೂ ದುಡ್ಡು ಕೊಡಬೇಕು, ನಾಲ್ಕು ಜನ ಸೇರಿ ಹೋಗಬೇಕು, ಹಾಗಾಗಿ ಕೆಲಸ ಇದ್ದರೆ ಮಾತ್ರ ಕರೆಯುತ್ತಾರೆ.

ಕೊಲಂಬಸ್ ಅಮ್ಮ
ಮೇಷ್ಟ್ರು ಹೇಳಿದ್ದು ಸರಿ. ಒಂದು ಮಾತು ಸೇರಿಸಲೇಬೇಕು. "ಆಮಿಶ್ ಜನ ಹೀಗೆ ಮಾಡುತ್ತಾರೆ" ಅಂತ ಒಂದೇ ಸಾಲಲ್ಲಿ ಹೇಳುವುದು ಕಷ್ಟ. ನಾವು ಓಹಾಯೋದಲ್ಲಿ ಇದ್ದೇವೆ, ಹೋಮ್ಸ್ ಕೌಂಟಿ ಕಡೆ ಆಗಾಗ ಹೋಗುತ್ತೇವೆ. ಲ್ಯಾಂಕಾಸ್ಟರ್‌ನಲ್ಲಿ ಗಾಡಿ ಬೂದು ಬಣ್ಣ, ಇಲ್ಲಿ ಕಪ್ಪು. ಪೆನ್ಸಿಲ್ವೇನಿಯಾದ ಮಿಫ್ಲಿನ್ ಕೌಂಟಿಯ ಒಂದೇ ಕಣಿವೆಯಲ್ಲಿ ಬಿಳಿ ಮುಚ್ಚಿಗೆಯ ಗಾಡಿಯವರು, ಹಳದಿ ಮುಚ್ಚಿಗೆಯವರು, ಕಪ್ಪು ಗಾಡಿಯವರು ಮೂರೂ ಪಂಗಡ ಇವೆ. ಲ್ಯಾಂಕಾಸ್ಟರ್‌ನಲ್ಲಿ ಸೈಕಲ್ ಇಲ್ಲ, ಕಾಲಲ್ಲಿ ನೂಕುವ ಸ್ಕೂಟರ್ ಮಾತ್ರ. ಹೋಮ್ಸ್‌ನಲ್ಲಿ ಈಗ ಎಷ್ಟೋ ಜನ ಬ್ಯಾಟರಿ ಸೈಕಲ್ ಓಡಿಸುತ್ತಾರೆ, ಚಾವಣಿ ಮೇಲೆ ಸೋಲಾರ್ ಹಲಗೆ ಇರುತ್ತದೆ. ಅದೇ ರಸ್ತೆಯಲ್ಲಿ ಸ್ವಾರ್ಟ್‌ಜೆಂಟ್ರೂಬರ್ ಪಂಗಡದವರು ಸಿಗುತ್ತಾರೆ. ಅವರು ಗಾಡಿ ಹಿಂದೆ, ನಿಧಾನ ವಾಹನ ಅಂತ ಎಚ್ಚರಿಸುವ ಕಿತ್ತಳೆ ತ್ರಿಕೋನವನ್ನೂ ಅಂಟಿಸುವುದಿಲ್ಲ, ಅದು ಢಾಳು ಬಣ್ಣ ಅಂತ. ಕೆಂಟಕಿಯಲ್ಲಿ ಅದೇ ಕಾರಣಕ್ಕೆ ದಂಡ ಕಟ್ಟದೆ ಜೈಲಿಗೂ ಹೋದರು.

ಬಯಲುಸೀಮೆ
ಮೊಬೈಲ್ ವಿಷಯ ಯಾರೂ ಹೇಳಲಿಲ್ಲ. ಕಾರು ಮನೆ ಒಡೆಯುತ್ತದೆ ಅಂದರೆ ಮೊಬೈಲ್ ಒಡೆಯಲ್ವಾ?

ಇತಿಹಾಸದ ಮೇಷ್ಟ್ರು
ಒಡೆಯುತ್ತದೆ ಅಂತಲೇ ಅವರೂ ಹೇಳುತ್ತಾರೆ. ಫೋನ್ ಜಗಳ ಇವರಲ್ಲಿ ನೂರು ವರ್ಷ ಹಳೆಯದು. 1910ರ ಆಸುಪಾಸಿನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಮನೆಗಳಿಗೆ ಫೋನ್ ಬಂತು. ಆಗ ಒಂದೇ ತಂತಿಯಲ್ಲಿ ಹಲವು ಮನೆ, ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಂಡು ಚಾಡಿ ಶುರುವಾಯಿತು. ಮನೆಯಿಂದ ತೆಗೆಯಿರಿ ಅಂದರು. ಆಮೇಲೆ ಡಾಕ್ಟರಿಗೆ, ಪಶುವೈದ್ಯರಿಗೆ ಕರೆ ಮಾಡಬೇಕಲ್ಲ ಅಂತ ಮಧ್ಯದ ದಾರಿ ಹುಡುಕಿದರು. ಹೊಲದ ಅಂಚಿನಲ್ಲಿ ಒಂದು ಮರದ ಗೂಡು, ಅದರೊಳಗೆ ಫೋನ್, ನಾಲ್ಕೈದು ಮನೆಯವರು ಹಂಚಿಕೊಳ್ಳುವುದು. ಈಗಲೂ ಲ್ಯಾಂಕಾಸ್ಟರ್ ಕಡೆ ಹೋದರೆ ಆ ಗೂಡುಗಳು ಕಾಣುತ್ತವೆ. ಅಲ್ಲಿ ಮಳೆಯಲ್ಲಿ ನಡೆದು ಹೋಗಿ ಫೋನ್ ಮಾಡುವವನು ಹರಟೆ ಹೊಡೆಯುವುದಿಲ್ಲ.

ಮೊಬೈಲ್ ಈ ಇಡೀ ಏರ್ಪಾಡನ್ನು ಕೆಡಿಸಿದೆ, ನಿಜ. ಕಟ್ಟಡ ಕೆಲಸದವರು ಗಿರಾಕಿ ಬೇಕು ಅಂತ ಇಟ್ಟುಕೊಳ್ಳುತ್ತಾರೆ, ಹಿರಿಯರು ಕಂಡೂ ಕಾಣದ ಹಾಗೆ ಇರುತ್ತಾರೆ, ಕೆಲವು ಕಡೆ ಕಟ್ಟುನಿಟ್ಟಾಗಿ ಬೇಡ ಅಂದಿದ್ದಾರೆ. ಇದು ಇನ್ನೂ ತೀರ್ಮಾನ ಆಗದ ಜಗಳ.

ಹಾಸನದ ರೈತ
ನನಗೆ ಬೇಸಾಯದ ವಿಷಯ ಬೇಕು. ಎಷ್ಟು ಎಕರೆ, ಎಷ್ಟು ಹಸು, ಟ್ರಾಕ್ಟರ್ ಇಲ್ಲದೆ ಹೇಗೆ ಸಾಗಿಸುತ್ತಾರೆ? ಹಾಲು ಕೆಡದ ಹಾಗೆ ಇಡಲು ಕರೆಂಟ್ ಬೇಡವಾ?

ನರ್ಸ್ ಅಕ್ಕ
ನಾನು ಲ್ಯಾಂಕಾಸ್ಟರ್ ಕಡೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಆಮಿಶ್ ಮನೆಗಳಿಗೂ ಹೋಗಿ ಬಂದಿದ್ದೇನೆ. ಹಾಸನದ ಅಣ್ಣ, ಸಾಮಾನ್ಯವಾಗಿ ಅರವತ್ತು ಎಂಬತ್ತು ಎಕರೆ, ನಲವತ್ತು ಐವತ್ತು ಕರೆಯುವ ಹಸು. ಉಳುವುದಕ್ಕೆ ಇಲ್ಲಿ ಹೇಸರಗತ್ತೆ ಜಾಸ್ತಿ, ಓಹಾಯೋ ಇಂಡಿಯಾನಾ ಕಡೆ ಬೆಲ್ಜಿಯನ್ ಕುದುರೆ. ನಾಲ್ಕೋ ಆರೋ ಹೇಸರಗತ್ತೆ ಸಾಲಾಗಿ ಕಟ್ಟುತ್ತಾರೆ. ಹುಲ್ಲು ಕಟ್ಟುವ ಬೇಲರ್ ಮೇಲೆ ಅದರದ್ದೇ ಪೆಟ್ರೋಲ್ ಎಂಜಿನ್ ಇರುತ್ತದೆ, ಅದನ್ನು ಎಳೆಯುವುದು ಮಾತ್ರ ಪ್ರಾಣಿ. ಟ್ರಾಕ್ಟರ್ ಕೂಡ ಎಷ್ಟೋ ಮನೆಯಲ್ಲಿ ಇದೆ. ಕೊಟ್ಟಿಗೆ ಪಕ್ಕ ನಿಂತು ಬೆಲ್ಟ್ ಹಾಕಿ ಮೇವು ಕತ್ತರಿಸಲು, ಮೇವು ಕೂಡಿಡುವ ಸೈಲೋ ತುಂಬಲು ಬಳಸುತ್ತಾರೆ. ಹೊಲಕ್ಕೆ ಇಳಿಸುವಂತಿಲ್ಲ. ಇಳಿಸಿದರೆ ಒಬ್ಬನೇ ಮುನ್ನೂರು ಎಕರೆ ಮಾಡುತ್ತಾನೆ, ಪಕ್ಕದ ಮೂರು ಮನೆಯವರು ಜಮೀನು ಮಾರಿ ಹೋಗುತ್ತಾರೆ, ಅದಕ್ಕೆ.

ಹಾಲಿನ ಕಥೆ ನನಗೆ ತುಂಬ ಇಷ್ಟ. 1960ರ ದಶಕದ ಕೊನೆಗೆ ಹಾಲು ಕಂಪನಿಗಳು ಕ್ಯಾನ್ ಬೇಡ, ತಣ್ಣಗಿಡುವ ದೊಡ್ಡ ಟ್ಯಾಂಕ್ ಇಟ್ಟರೆ ಮಾತ್ರ ಹಾಲು ಕೊಳ್ಳುತ್ತೇವೆ ಅಂದವು. ಒಪ್ಪದಿದ್ದರೆ ಹೈನುಗಾರಿಕೆಯೇ ಮುಗಿಯುತ್ತಿತ್ತು. ಬಿಷಪ್‌ಗಳು ಕಂಪನಿಯವರ ಜೊತೆ ಕೂತು ಮಾತಾಡಿದರು. ಡೀಸೆಲ್ ಎಂಜಿನ್‌ನಿಂದ ತಣಿಸುವುದು, ಹಾಲು ಕದಡುವ ರೆಕ್ಕೆಗೆ 12 ವೋಲ್ಟ್ ಬ್ಯಾಟರಿ, ಹೊರಗಿನ ಕರೆಂಟ್ ತಂತಿ ಬೇಡ. ಜೊತೆಗೆ ಒಂದು ಹಠ ಹಿಡಿದರು, ಭಾನುವಾರ ಹಾಲಿನ ಲಾರಿ ಬರಬಾರದು. ಕಂಪನಿ ಒಪ್ಪಿತು. ಆ ಡೀಸೆಲ್ ಎಂಜಿನ್ನೇ ಹಾಲು ಕರೆಯುವ ಯಂತ್ರಕ್ಕೂ ಆಯಿತು, ಕಂಪ್ರೆಸರ್‌ಗೂ ಆಯಿತು.

ಹಾಸನದ ರೈತ
ಭಾನುವಾರ ಬರಬೇಡಿ ಅಂತ ಡೇರಿಗೆ ಹೇಳಿ ಗೆದ್ದರಾ! ನಮ್ಮಲ್ಲಿ ಹಬ್ಬದ ದಿನವೂ ಕ್ಯಾನ್ ಹೊತ್ತು ಓಡಬೇಕು. ಒಬ್ಬೊಬ್ಬರೇ ಕೇಳಿದರೆ ಯಾರು ಕೇಳುತ್ತಾರೆ, ಒಟ್ಟಿಗೆ ನಿಂತರು ಅದಕ್ಕೇ ಆಯಿತು.

ಸಸ್ಕ್ವೆಹಾನಾ ತೀರ
ನರ್ಸ್ ಅಕ್ಕ, ಹಾಗಾದರೆ ಕಂಪ್ರೆಸರ್‌ನಿಂದ ಗಾಳಿ, ಗಾಳಿಯಿಂದ ಗರಗಸ, ಹೊಲಿಗೆ ಯಂತ್ರ, ಮಿಕ್ಸರ್ ಎಲ್ಲ ನಡೆಯುತ್ತೆ ಅಂತ ಆಯಿತು. ತಂತಿಯಲ್ಲಿ ಬರುವ ಕರೆಂಟೇ ಯಾಕೆ ಬೇಡ?

ನರ್ಸ್ ಅಕ್ಕ
ಗಾಳಿಯಿಂದ ಟಿವಿ ನಡೆಯಲ್ಲ, ಇಂಟರ್ನೆಟ್ ನಡೆಯಲ್ಲ. ನನಗೆ ಅರ್ಥವಾದದ್ದು ಇಷ್ಟು. ತಂತಿ ಬಂದರೆ ಅದರ ಹಿಂದೆ ಏನೆಲ್ಲ ಬರುತ್ತದೆ ಅಂತ ಹಿಡಿತ ಇರುವುದಿಲ್ಲ. ಎಂಜಿನ್, ಬ್ಯಾಟರಿ, ಗ್ಯಾಸ್ ಆದರೆ ಒಂದೊಂದಕ್ಕೂ ಬೇರೆ ಬೇರೆ ಅನುಮತಿ ಕೊಡಬಹುದು. ಅಡುಗೆಮನೆಯಲ್ಲಿ ಗ್ಯಾಸ್ ಫ್ರಿಜ್ ಇರುತ್ತದೆ, ಮೇಜಿನ ಪಕ್ಕ ಬ್ಯಾಟರಿ ದೀಪ. ಸೋಮವಾರ ಬೆಳಿಗ್ಗೆ ಹೋದರೆ ಪ್ರತಿ ಮನೆ ಮುಂದೂ ರಾಟೆ ಕಟ್ಟಿದ ತಂತಿ ಮೇಲೆ ಬಟ್ಟೆ ಹಾರುತ್ತಿರುತ್ತದೆ. ಬಟ್ಟೆ ಒಗೆಯುವುದು ಹಳೇ ಕಾಲದ ಯಂತ್ರ, ಮೇಲೆ ಹಿಂಡುವ ರೋಲರ್, ಅದೂ ಗಾಳಿಯಲ್ಲೇ ತಿರುಗುತ್ತದೆ.

ಸಿಲ್ಕ್‌ಬೋರ್ಡ್ ಟ್ರಾಫಿಕ್
ಓದುತ್ತಾ ಹೋದ ಹಾಗೆ ಎಲ್ಲ ಬಿಟ್ಟು ಹೋಗಿಬಿಡೋಣ ಅನ್ನಿಸುತ್ತಿದೆ. ದಿನಾ ಎರಡು ಗಂಟೆ ರಸ್ತೆಯಲ್ಲಿ, ರಾತ್ರಿ ಹನ್ನೊಂದಕ್ಕೆ ಕಾಲ್, ಮಗು ಮಲಗಿದ ಮೇಲೆ ಮನೆಗೆ. ಸಕಲೇಶಪುರದ ಕಡೆ ಎರಡು ಎಕರೆ ನೋಡುತ್ತಿದ್ದೇನೆ. ಆಮಿಶ್ ತರಹ ಬದುಕಬೇಕು. ಬೇಕಾದರೆ ಅವರ ಜೊತೆ ಸೇರಿಕೊಳ್ಳಲು ಆಗುತ್ತಾ?

ಹಾಸನದ ರೈತ
ಎರಡು ಎಕರೆಯಲ್ಲಿ ಒಬ್ಬರೇ ಹೋಗಿ ಕೂತರೆ ಅದು ಆಮಿಶ್ ತರಹ ಅಲ್ಲ ಸರ್. ಮಳೆಗಾಲದಲ್ಲಿ ಮರ ಬಿದ್ದರೆ ಯಾರು ಬರುತ್ತಾರೆ ಅಂತ ಮೊದಲು ನೋಡಿಕೊಳ್ಳಿ, ಆಮೇಲೆ ಜಮೀನು ನೋಡಿ.

ಇತಿಹಾಸದ ಮೇಷ್ಟ್ರು
ಸೇರಿಕೊಂಡ ಹೊರಗಿನವರು ಇದ್ದಾರೆ, ಆದರೆ ಬಹಳ ಕಮ್ಮಿ. ಮನೆಯಲ್ಲಿ ಮಾತಾಡುವುದು ಪೆನ್ಸಿಲ್ವೇನಿಯಾ ಡಚ್, ಅದು ಒಂದು ಜರ್ಮನ್ ಉಪಭಾಷೆ. ಪ್ರಾರ್ಥನೆ ಹಳೆಯ ಜರ್ಮನ್. ಅವೆರಡೂ ಕಲಿಯಬೇಕು. ಅವರ ನಂಬಿಕೆ ಒಪ್ಪಬೇಕು, ಬರೀ ಗಾಡಿ ದೀಪ ಒಪ್ಪಿದರೆ ಸಾಲದು. ಎಲ್ಲಕ್ಕಿಂತ ಕಷ್ಟ, ಗೆಲಾಸೆನ್‌ಹೈಟ್ ಅನ್ನುತ್ತಾರೆ, ನನ್ನ ಇಷ್ಟಕ್ಕಿಂತ ಸಮುದಾಯದ ತೀರ್ಮಾನ ದೊಡ್ಡದು ಅಂತ ಬಾಗುವುದು. ಟೋಪಿಯ ಅಂಚು ಎಷ್ಟಿರಬೇಕು ಅನ್ನುವುದನ್ನೂ ನೀವೊಬ್ಬರೇ ನಿರ್ಧರಿಸುವ ಹಾಗಿಲ್ಲ. ಕೆಲಸದ ಒತ್ತಡ ತಪ್ಪಿಸಿಕೊಳ್ಳಲು ಹೋದವರು ಇದಕ್ಕೆ ಬಾಗುವುದು ಕಷ್ಟ.

ಸಿಲ್ಕ್‌ಬೋರ್ಡ್ ಟ್ರಾಫಿಕ್
ಧರ್ಮ ಬಿಟ್ಟು ಜೀವನಶೈಲಿ ಮಾತ್ರ ತೆಗೆದುಕೊಳ್ಳಬಹುದಲ್ವಾ? ಟಿವಿ ಇಲ್ಲ, ಫೋನ್ ಒಂದು ಕಡೆ ಇಡುವುದು, ಮಕ್ಕಳ ಜೊತೆ ಊಟ. ಅಷ್ಟು ಸಾಕು ನನಗೆ.

ಕೊಲಂಬಸ್ ಅಮ್ಮ
ಫೋನ್ ಒಂದು ಕಡೆ ಇಡಲು ಸಕಲೇಶಪುರ ಯಾಕಪ್ಪಾ, ಬೆಂಗಳೂರಲ್ಲೇ ಇಡಬಹುದು. ಇವತ್ತು ರಾತ್ರಿಯಿಂದಲೇ ಮಾಡು.

ವಕೀಲರ ಮಗಳು
ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ಈ ವಿಷಯದಲ್ಲಿ ಸಿಟ್ಟಿದೆ, ನೇರವಾಗಿ ಹೇಳುತ್ತೇನೆ. ಇವರ ಮಕ್ಕಳು ಎಂಟನೇ ತರಗತಿಗೆ ಓದು ನಿಲ್ಲಿಸುತ್ತಾರೆ. ಒಂದೇ ಕೋಣೆಯ ಶಾಲೆ, ಟೀಚರ್ ಕೂಡ ಎಂಟನೇ ಕ್ಲಾಸ್ ಓದಿದ ಹುಡುಗಿ. ವಿಸ್ಕಾನ್ಸಿನ್‌ನಲ್ಲಿ ಮೂವರು ಅಪ್ಪಂದಿರು ಮಕ್ಕಳನ್ನು ಹೈಸ್ಕೂಲಿಗೆ ಕಳಿಸಲ್ಲ ಅಂದರು, ತಲಾ 5 ಡಾಲರ್ ದಂಡ ಬಿತ್ತು, ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯಿತು. 1972ರಲ್ಲಿ ಕೋರ್ಟ್ ಆಮಿಶ್ ಪರ ತೀರ್ಪು ಕೊಟ್ಟಿತು. ವಿಸ್ಕಾನ್ಸಿನ್ ವಿರುದ್ಧ ಯೋಡರ್ ಅಂತ ಪ್ರಸಿದ್ಧ ಕೇಸ್. ನ್ಯಾಯಮೂರ್ತಿ ಡಗ್ಲಸ್ ಒಬ್ಬರು ಮಾತ್ರ, ಅಪ್ಪನ ಧರ್ಮ ಸರಿ, ಆದರೆ ಮಗುವಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದೀರಾ ಅನ್ನುವ ಅರ್ಥದಲ್ಲಿ ಭಾಗಶಃ ಭಿನ್ನಮತ ಬರೆದರು. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಇಲ್ಲ.

ಹದಿನಾಲ್ಕು ವರ್ಷದ ಹುಡುಗ ಮರದ ಮಿಲ್ಲಿನಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. 2004ರಲ್ಲಿ ಬಾಲಕಾರ್ಮಿಕ ಕಾನೂನಿಗೇ ತಿದ್ದುಪಡಿ ತಂದು, ಯಂತ್ರ ಮುಟ್ಟದಿದ್ದರೆ, ದೊಡ್ಡವರು ನೋಡಿಕೊಂಡರೆ ಸರಿ ಅಂತ ಇವರಿಗಾಗಿ ಬಿಟ್ಟುಕೊಟ್ಟರು. ಹುಡುಗಿಗೆ ಮುಂದೆ ನರ್ಸ್ ಆಗಬೇಕು ಅನ್ನಿಸಿದರೆ? ದಾರಿಯೇ ಇಲ್ಲ.

ಬಯಲುಸೀಮೆ
ಇದು ಮಾತು. ನೂರಕ್ಕೆ ನೂರು ಒಪ್ಪುತ್ತೇನೆ.

ನರ್ಸ್ ಅಕ್ಕ
ಓದಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎಂಟನೇ ಕ್ಲಾಸ್ ಆದ ಮೇಲೆ ಅವರು ಸುಮ್ನೆ ಕೂರುವುದಿಲ್ಲ. ಹುಡುಗ ಬಡಗಿಯ ಹತ್ತಿರವೋ ಅಪ್ಪನ ಹತ್ತಿರವೋ ಕೆಲಸ ಕಲಿಯುತ್ತಾನೆ, ಇಪ್ಪತ್ತೆರಡಕ್ಕೆ ಸ್ವಂತ ಅಂಗಡಿ ಹಾಕುವವರು ಇದ್ದಾರೆ. ಸಾಲ ಮಾಡಿ ಡಿಗ್ರಿ ಮಾಡಿ ಕೆಲಸ ಇಲ್ಲದೆ ಇರುವ ಹುಡುಗರೂ ನಮ್ಮ ಆಸ್ಪತ್ರೆಗೆ ಬರುತ್ತಾರೆ.

ವಕೀಲರ ಮಗಳು
ಅಕ್ಕ, ಅದು ಹುಡುಗನ ಕಥೆ. ಹುಡುಗಿ? ಆರೇಳು ಮಕ್ಕಳು, ಎಲ್ಲರ ಬಟ್ಟೆ ಮನೆಯಲ್ಲೇ ಹೊಲಿಯಬೇಕು, ಬೇಸಿಗೆಯಲ್ಲಿ ನೂರಾರು ಸೀಸೆ ಟೊಮೇಟೊ, ಪೀಚ್, ಬೀನ್ಸ್ ಕುದಿಸಿ ಮುಚ್ಚಿಡಬೇಕು, ತೋಟ, ಕೋಳಿ, ಭಾನುವಾರದ ಪ್ರಾರ್ಥನೆಗೆ ತಮ್ಮ ಮನೆಯ ಸರದಿ ಬಂದರೆ ಇನ್ನೂರು ಜನರಿಗೆ ಊಟ. ಸರಳ ಜೀವನ ಅಂತ ಹೆಸರು, ಅದರ ಭಾರ ಯಾರ ಸೊಂಟದ ಮೇಲೆ? ಚರ್ಚಿನಲ್ಲಿ ಬಿಷಪ್ ಆಗುವಂತಿಲ್ಲ. ಕೆಲವು ಸಮುದಾಯಗಳಲ್ಲಿ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ಹೇಳದೆ, ತಪ್ಪೊಪ್ಪಿಗೆ ಮಾಡಿಸಿ, ಕ್ಷಮಿಸಿಬಿಡು ಅಂತ ಹುಡುಗಿಗೇ ಹೇಳಿ ಮುಚ್ಚಿಹಾಕಿದ್ದು ಪತ್ರಿಕೆಗಳಲ್ಲಿ ಬಂದಿದೆ, ಕೋರ್ಟಿಗೂ ಬಂದಿದೆ. ಬಿಟ್ಟು ಹೋದರೆ ಬಹಿಷ್ಕಾರ, ಅಪ್ಪ ಅಮ್ಮನ ಜೊತೆ ಒಂದೇ ಮೇಜಲ್ಲಿ ಊಟ ಇಲ್ಲ.

ಇತಿಹಾಸದ ಮೇಷ್ಟ್ರು
ದೌರ್ಜನ್ಯ ಮುಚ್ಚಿಟ್ಟದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ, ನಿಮ್ಮ ಜೊತೆ ಪೂರ್ತಿ ಒಪ್ಪುತ್ತೇನೆ. ಬಹಿಷ್ಕಾರದ ಬಗ್ಗೆ ಒಂದು ತಿದ್ದುಪಡಿ. ಅದು ದೀಕ್ಷೆ ತೆಗೆದುಕೊಂಡು ಮಾತು ಕೊಟ್ಟ ಮೇಲೆ ಬಿಟ್ಟವರಿಗೆ ಮಾತ್ರ. ಹದಿನಾರು ದಾಟಿದ ಮೇಲೆ ರುಮ್‌ಸ್ಪ್ರಿಂಗಾ ಅಂತ ಒಂದು ಕಾಲ ಇದೆ, ಆಗ ಹುಡುಗ ಹುಡುಗಿಯರು ತಮ್ಮ ಗೆಳೆಯರ ಗುಂಪಿನಲ್ಲಿ ಓಡಾಡುತ್ತಾರೆ. ಕೆಲವರು ಹೊರಗಿನ ಬಟ್ಟೆ ಹಾಕುತ್ತಾರೆ, ಕಾರೂ ಓಡಿಸುತ್ತಾರೆ. ದೀಕ್ಷೆ ಬೇಡ ಅಂತ ಆಗಲೇ ಹೊರಟವರನ್ನು ಬಹಿಷ್ಕರಿಸುವುದಿಲ್ಲ. ಮನೆಯವರು ಅಳುತ್ತಾರೆ, ಬಾಗಿಲು ಮುಚ್ಚುವುದಿಲ್ಲ. ಹೀಗಿದ್ದೂ ನೂರಕ್ಕೆ ಎಂಬತ್ತೈದಕ್ಕಿಂತ ಜಾಸ್ತಿ ಮಕ್ಕಳು ಸಮುದಾಯದಲ್ಲೇ ಉಳಿಯುತ್ತಾರೆ.

ಇನ್ನು ಬಿಷಪ್ ವಿಷಯ. ಹೆಂಗಸರು ಆ ಸ್ಥಾನಕ್ಕೆ ಬರುವಂತಿಲ್ಲ, ನಿಜ. ಆದರೆ ಬೋಧಕನನ್ನು ಆರಿಸುವಾಗ ಹೆಂಗಸರೂ ಹೆಸರು ಸೂಚಿಸುತ್ತಾರೆ. ಸಾಕಷ್ಟು ಸೂಚನೆ ಬಂದವರ ಮುಂದೆ ಹಾಡಿನ ಪುಸ್ತಕಗಳನ್ನು ಇಡುತ್ತಾರೆ, ಒಂದರೊಳಗೆ ಚೀಟಿ ಇರುತ್ತದೆ. ಅದು ಯಾರ ಕೈಗೆ ಬಂತೋ ಅವನೇ ಬೋಧಕ, ಸಾಯುವ ತನಕ, ಸಂಬಳ ಇಲ್ಲ.

ವಕೀಲರ ಮಗಳು
ಎಂಟನೇ ಕ್ಲಾಸ್ ಓದಿದವನಿಗೆ ಹೊರಗೆ ಯಾರು ಕೆಲಸ ಕೊಡುತ್ತಾರೆ ಮೇಷ್ಟ್ರೇ? ಹೋಗುವ ದಾರಿ ಕಡಿದು ಹಾಕಿ, ನೋಡಿ ಎಲ್ಲರೂ ಉಳಿದರು ಅನ್ನುವುದು ಸರಿಯಲ್ಲ. ಈ ಒಂದು ಮಾತಲ್ಲಿ ನಾನು ಹಿಂದೆ ಸರಿಯಲ್ಲ.

ಮಲೆನಾಡು ಕಾಫಿ
ಚರ್ಚೆ ಬಿಸಿ ಆಗಿದೆ. ಆಮಿಶ್ ಜನ ಎಲ್ಲ ಸೇರಿ ಇಡೀ ಕೊಟ್ಟಿಗೆ ಎತ್ತಿ ನಿಲ್ಲಿಸುವ ಕೆಲಸ ಒಂದೇ ದಿನದಲ್ಲಿ ಮುಗಿಸುತ್ತಾರೆ ಅಂತಾರಲ್ಲ, ಅದು ನಿಜವಾ?

ಕೊಲಂಬಸ್ ಅಮ್ಮ
ನಿಜ. ಬೆಂಕಿ ಬಿದ್ದೋ ಗಾಳಿಗೋ ಕೊಟ್ಟಿಗೆ ಹೋದರೆ, ಕೆಲವೇ ದಿನದಲ್ಲಿ ನೂರಾರು ಗಂಡಸರು ಸೇರುತ್ತಾರೆ. ಬೆಳಿಗ್ಗೆ ಬರೀ ಪಾಯ, ಸಂಜೆಗೆ ಚಾವಣಿ. ಆದರೆ ಅದು ಜಾದೂ ಅಲ್ಲ. ಒಬ್ಬ ಹಿರಿಯ ಬಡಗಿ ಮೊದಲೇ ಲೆಕ್ಕ ಹಾಕಿ, ಪಾಯ ಹಾಕಿಸಿ, ತೊಲೆಗಳನ್ನು ಅಳತೆಗೆ ಕೊಯ್ಯಿಸಿ, ಕೂಡಿಸುವ ಜಾಗಗಳನ್ನು ಕೊರೆಸಿ ಸಿದ್ಧ ಮಾಡಿಟ್ಟಿರುತ್ತಾನೆ. ಆ ದಿನ ಯಾರೂ ಕೂಗಾಡುವುದಿಲ್ಲ. ಹುಡುಗರು ಮೊಳೆ ಕೊಡುತ್ತಾರೆ, ಮುದುಕರು ಕೆಳಗೆ ಹಲಗೆ ಆರಿಸುತ್ತಾರೆ, ಹೆಂಗಸರು ನೂರಾರು ಜನರಿಗೆ ಅಡುಗೆ ಮಾಡುತ್ತಾರೆ. ಕೂಲಿ ಯಾರಿಗೂ ಇಲ್ಲ.

ಹಾಸನದ ರೈತ
ಇದು ನಮ್ಮ ಮುಯ್ಯಾಳು ಇದ್ದ ಹಾಗೇ ಇದೆ. ನಾಟಿಗೆ ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮವರು ನಮ್ಮ ಗದ್ದೆಗೆ. ನಮ್ಮೂರಲ್ಲಿ ಕೂಲಿ ಲೆಕ್ಕ ಶುರುವಾದ ಮೇಲೆ, ಯಂತ್ರ ಬಂದ ಮೇಲೆ ಅದು ನಿಂತಿತು. ಯಂತ್ರ ಬೇಕು, ನಾನೇ ಬಾಡಿಗೆಗೆ ತರುತ್ತೇನೆ, ಸೊಂಟ ಉಳಿಯಿತು. ಆದರೆ ಇವರು ಮೊದಲೇ ಕೂತು ಏನು ಹೋಗುತ್ತದೆ ಅಂತ ಲೆಕ್ಕ ಹಾಕಿದರಲ್ಲ, ನಾವು ಒಂದು ಸಲವೂ ಕೂತು ಮಾತಾಡಲಿಲ್ಲ.

ಮಲೆನಾಡು ಕಾಫಿ
ಹಾಗಾದರೆ ಕಾಯಿಲೆ ಬಿದ್ದರೂ ಹೀಗೇನಾ? ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಭಯಂಕರ ಅಂತ ಕೇಳಿದ್ದೇನೆ.

ನರ್ಸ್ ಅಕ್ಕ
ಸಾಮಾನ್ಯವಾಗಿ ಇವರು ಆರೋಗ್ಯ ವಿಮೆ ಕೊಳ್ಳುವುದಿಲ್ಲ, ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆಯನ್ನೂ ತೆಗೆದುಕೊಳ್ಳುವುದಿಲ್ಲ. ಚರ್ಚ್‌ನ ಸಹಾಯ ನಿಧಿ ಇರುತ್ತದೆ. ಬಿಲ್ ದೊಡ್ಡದಾದರೆ ಪಕ್ಕದ ಡಿಸ್ಟ್ರಿಕ್ಟ್‌ಗಳಿಂದಲೂ ದುಡ್ಡು ಬರುತ್ತದೆ, ಹರಾಜು ಹಾಕಿ ಕೌದಿಯಂಥ ಕ್ವಿಲ್ಟ್, ಪೀಠೋಪಕರಣ ಮಾರಿ ಕೂಡಿಸುತ್ತಾರೆ. ನಗದು ಕೊಡುತ್ತೇವೆ ಅಂತ ಆಸ್ಪತ್ರೆಗಳ ಜೊತೆ ರಿಯಾಯಿತಿ ಮಾತಾಡಿಕೊಂಡಿರುತ್ತಾರೆ. ಕೆಲವರು ಖರ್ಚು ಕಮ್ಮಿ ಅಂತ ರೈಲು ಹತ್ತಿ ಮೆಕ್ಸಿಕೋ ಗಡಿ ದಾಟಿ ಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ.

ಇನ್ನೊಂದು ಕಷ್ಟ ಇದೆ. ಇವತ್ತಿನ ಆಮಿಶ್ ಜನರೆಲ್ಲ ಕೆಲವೇ ನೂರು ಮೂಲ ಕುಟುಂಬಗಳ ಸಂತತಿ, ಹಾಗಾಗಿ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು ಇವರಲ್ಲಿ ಜಾಸ್ತಿ. ಗ್ಲುಟಾರಿಕ್ ಅಸಿಡೂರಿಯಾ ಅಂತ ಒಂದಿದೆ. ಹುಟ್ಟುವಾಗ ಚೆನ್ನಾಗಿರುವ ಮಗು ಒಂದು ಜ್ವರದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಳ್ಳಬಹುದು. 1989ರಲ್ಲಿ ಡಾ. ಹೋಮ್ಸ್ ಮಾರ್ಟನ್ ಸ್ಟ್ರಾಸ್‌ಬರ್ಗ್ ಎಂಬ ಹಳ್ಳಿಯ ಹತ್ತಿರ ಇಂಥ ಮಕ್ಕಳಿಗಾಗಿಯೇ ಕ್ಲಿನಿಕ್ ಶುರು ಮಾಡಿದರು. ಅದರ ಕಟ್ಟಡವನ್ನು ಆಮಿಶ್ ಮತ್ತು ಅದೇ ಬೇರಿನ ಇನ್ನೊಂದು ಪಂಥವಾದ ಮೆನೊನೈಟ್ ಜನರೇ ಕೊಟ್ಟಿಗೆ ಎತ್ತುವ ಹಾಗೆ ಎತ್ತಿ ನಿಲ್ಲಿಸಿದರು. ಹುಟ್ಟಿದ ಕೂಡಲೇ ರಕ್ತ ಪರೀಕ್ಷೆ ಮಾಡಿ, ಆಹಾರ ಬದಲಿಸಿ, ಜ್ವರ ಬಂದ ತಕ್ಷಣ ನೋಡಿಕೊಂಡರೆ ಮಗು ಉಳಿಯುತ್ತದೆ. ಎಂಟನೇ ಕ್ಲಾಸ್ ಓದಿದ ಅಪ್ಪ ಅಮ್ಮ ಈ ಜೀನ್ ವಿಷಯವನ್ನು ಎಷ್ಟು ಚೆನ್ನಾಗಿ ತಿಳಿದುಕೊಂಡು ಪಾಲಿಸುತ್ತಾರೆ ಅಂದರೆ ನನಗೆ ಅವರ ಮೇಲೆ ತುಂಬ ಗೌರವ.

ಬಯಲುಸೀಮೆ
ನಮ್ಮ ಕಡೆ ಸೋದರಮಾವನ ಜೊತೆ ಮದುವೆ ಮಾಡುವವರಿಗೂ ಈ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ನರ್ಸ್ ಅಕ್ಕ
ಖಂಡಿತ ಮಾಡಿಸಬೇಕು. ಮದುವೆಗೆ ಮುಂಚೆ ಒಂದು ಸಲ ಡಾಕ್ಟರ್ ಹತ್ತಿರ ಮಾತಾಡಿಸಿ.

ಸಿಲ್ಕ್‌ಬೋರ್ಡ್ ಟ್ರಾಫಿಕ್
ತೆರಿಗೆ ಕಟ್ಟಲ್ಲ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಹೌದಾ?

ಇತಿಹಾಸದ ಮೇಷ್ಟ್ರು
ತಪ್ಪು ಸುದ್ದಿ. ಆದಾಯ ತೆರಿಗೆ, ಆಸ್ತಿ ತೆರಿಗೆ, ಮಾರಾಟ ತೆರಿಗೆ ಎಲ್ಲ ಕಟ್ಟುತ್ತಾರೆ. ತಮ್ಮ ಮಕ್ಕಳು ಹೋಗದ ಸರ್ಕಾರಿ ಶಾಲೆಗೂ ಕಟ್ಟುತ್ತಾರೆ. ಕಟ್ಟದೆ ಇರುವುದು ಸೋಶಿಯಲ್ ಸೆಕ್ಯುರಿಟಿ ಮಾತ್ರ. ಮುದುಕರನ್ನು ನೋಡಿಕೊಳ್ಳುವುದು ನಮ್ಮ ಕೆಲಸ, ಅದಕ್ಕೆ ಸರ್ಕಾರದ ವಿಮೆ ಯಾಕೆ ಅಂತ. 1961ರಲ್ಲಿ ವ್ಯಾಲೆಂಟೈನ್ ಬೈಲರ್ ಎಂಬ ಪೆನ್ಸಿಲ್ವೇನಿಯಾದ ಆಮಿಶ್ ರೈತ ವಸಂತದ ಉಳುಮೆಯಲ್ಲಿ ಇದ್ದಾಗ ತೆರಿಗೆ ಅಧಿಕಾರಿಗಳು ಹೊಲಕ್ಕೇ ಬಂದು ಮೂರು ಕುದುರೆ ಜಪ್ತಿ ಮಾಡಿ ಹರಾಜು ಹಾಕಿದರು. ದೇಶವೆಲ್ಲ ಛೀ ಅಂದಿತು. 1965ರಲ್ಲಿ ಸ್ವಂತ ಕಸುಬಿನ ಆಮಿಶ್ ಜನರಿಗೆ ವಿನಾಯಿತಿ ಸಿಕ್ಕಿತು. 1988ರಲ್ಲಿ ಆಮಿಶ್ ಮಾಲೀಕರ ಹತ್ತಿರ ದುಡಿಯುವ ಆಮಿಶ್ ಕೆಲಸಗಾರರಿಗೂ ಸಿಕ್ಕಿತು. ಕಟ್ಟುವುದೂ ಇಲ್ಲ, ಪಿಂಚಣಿ ತೆಗೆದುಕೊಳ್ಳುವುದೂ ಇಲ್ಲ. ಮಗ ಮದುವೆಯಾಗಿ ಹೊಲ ವಹಿಸಿಕೊಂಡ ಮೇಲೆ ಪಕ್ಕದಲ್ಲೇ ಅಂಟಿಸಿದ ಹಾಗೆ ಒಂದು ಸಣ್ಣ ಮನೆ ಕಟ್ಟಿ ಅಜ್ಜ ಅಜ್ಜಿ ಅಲ್ಲಿಗೆ ಹೋಗುತ್ತಾರೆ. ಅಜ್ಜ ಸಾಯುವ ತನಕ ಏನಾದರೂ ಕೆಲಸ ಮಾಡುತ್ತಲೇ ಇರುತ್ತಾನೆ, ಬೇಡ ಅನ್ನುವವರು ಯಾರೂ ಇಲ್ಲ.

ತೆಂಗು ತುಮಕೂರು
ವಿಷಯ ಬದಲಿಸುತ್ತೇನೆ, ಕ್ಷಮಿಸಿ. ಮುಂದಿನ ತಿಂಗಳು ಮಗಳ ಮನೆಗೆ ಫಿಲಡೆಲ್ಫಿಯಾಕ್ಕೆ ಹೋಗುತ್ತಿದ್ದೇವೆ. ಆಮಿಶ್ ಊರು ನೋಡಬೇಕು. ನಾವು ಸಸ್ಯಾಹಾರಿಗಳು, ತಿನ್ನಲು ಏನು ಸಿಗುತ್ತದೆ?

ಸಸ್ಕ್ವೆಹಾನಾ ತೀರ
ಭಾನುವಾರ ಹೋಗಬೇಡಿ, ಅವರ ಅಂಗಡಿ ಒಂದೂ ತೆರೆದಿರಲ್ಲ. ಪ್ರೆಟ್ಜೆಲ್ ಬಿಸಿಬಿಸಿ ತಿನ್ನಿ, ಆಪಲ್ ಬಟರ್, ಜಾಮ್, ಉಪ್ಪಿನಕಾಯಿ ತರಹದ ಚೌಚೌ ಕೊಳ್ಳಿ. ಶೂಫ್ಲೈ ಪೈ ಅಂತ ಕಾಕಂಬಿಯ ಸಿಹಿ ಇದೆ, ಆದರೆ ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುವವರು ಇದ್ದಾರೆ, ಕೇಳಿ ತೆಗೆದುಕೊಳ್ಳಿ. ಫಿಲಡೆಲ್ಫಿಯಾ ಊರೊಳಗೆ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಯಲ್ಲೂ ಆಮಿಶ್ ಮಳಿಗೆಗಳಿವೆ.

ಕೊಲಂಬಸ್ ಅಮ್ಮ
ಫೋಟೊ ಬಗ್ಗೆ ಹೇಳಿಬಿಡುತ್ತೇನೆ. ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಮೂರ್ತಿ ಮಾಡಬೇಡ ಅನ್ನುವ ಬೈಬಲ್ ಮಾತು ಇದೆ, ಜಂಬ ಬೇಡ ಅನ್ನುವುದೂ ಇದೆ. ನಿಮ್ಮ ಕಾರು ಗಾಡಿಯ ಹಿಂದೆ ಬಂದರೆ ಹಾರ್ನ್ ಹೊಡೆಯಬೇಡಿ, ಕುದುರೆ ಬೆದರುತ್ತದೆ. ಗುಡ್ಡದ ತಿರುವಿನಲ್ಲಿ ಕಾರಿನವರು ವೇಗವಾಗಿ ಬಂದು ಗಾಡಿಗೆ ಗುದ್ದಿ ಮಕ್ಕಳು ಸತ್ತದ್ದು ಎಷ್ಟೋ ಸಲ ಆಗಿದೆ. ಅಳಿಯಂದಿರಿಗೆ ನಿಧಾನ ಓಡಿಸಲು ಹೇಳಿ.

ಹಾಸನದ ರೈತ
ಮತ್ತೆ ಬೇಸಾಯಕ್ಕೆ ಬರೋಣ. ಒಂದು ಮನೆಗೆ ಏಳು ಮಕ್ಕಳು ಅಂದರೆ ಎಂಬತ್ತು ಎಕರೆ ಹೇಗೆ ಸಾಕಾಗುತ್ತದೆ?

ಇತಿಹಾಸದ ಮೇಷ್ಟ್ರು
ಸಾಕಾಗುವುದಿಲ್ಲ. ನಿಜವಾದ ಕಷ್ಟ ಅಲ್ಲೇ ಇದೆ. ಇವರ ಸಂಖ್ಯೆ ಸುಮಾರು ಇಪ್ಪತ್ತು ವರ್ಷಕ್ಕೆ ಎರಡರಷ್ಟಾಗುತ್ತದೆ. ಈಗ ಉತ್ತರ ಅಮೆರಿಕದಲ್ಲಿ ಸುಮಾರು 4 ಲಕ್ಷ ಜನ. ಲ್ಯಾಂಕಾಸ್ಟರ್‌ನಲ್ಲಿ ಜಮೀನು ಎಕರೆಗೆ 20 ಸಾವಿರ ಡಾಲರ್ ದಾಟಿದೆ. ಹಾಲು ಮಾರಿ ಆ ಸಾಲ ತೀರಿಸಲು ಆಗಲ್ಲ. ಆದ್ದರಿಂದ ದೊಡ್ಡ ವಸತಿಗಳಲ್ಲಿ ಅರ್ಧಕ್ಕಿಂತ ಕಮ್ಮಿ ಜನ ಮಾತ್ರ ಬೇಸಾಯದಲ್ಲಿದ್ದಾರೆ. ಉಳಿದವರು ಬಡಗಿ ಅಂಗಡಿ, ಕಟ್ಟಡ ಕೆಲಸ, ಗಾಡಿ ಮಾಡುವುದು, ಸಂತೆ ಮಳಿಗೆ.

ಉತ್ತರ ಇಂಡಿಯಾನಾದ ಎಲ್ಕ್‌ಹಾರ್ಟ್, ಲಾಗ್ರೇಂಜ್ ಕಡೆ ಸಾವಿರಾರು ಆಮಿಶ್ ಗಂಡಸರು ಮನೆಯಂಥ ವಾಹನ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ, ತಾವು ಓಡಿಸದ ವಾಹನ. ಸಂಬಳ ಚೆನ್ನಾಗಿದೆ. 2008ರ ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳು ಮುಚ್ಚಿದಾಗ ಅವರ ಕೆಲಸವೂ ಹೋಯಿತು. ಅಪ್ಪ ಊಟದ ಡಬ್ಬಿ ಹಿಡಿದು ಹೊರಗೆ ಹೋಗುವುದು ಹಿರಿಯರಿಗೆ ಮೊದಲಿಂದಲೂ ಇಷ್ಟ ಇಲ್ಲ. ಮಕ್ಕಳು ಅಪ್ಪನ ಜೊತೆ ಕೆಲಸ ಮಾಡುತ್ತಾ ಬೆಳೆಯಬೇಕು ಅನ್ನುವುದೇ ಇವರ ಬದುಕಿನ ನಡುಗಂಬ.

ವಕೀಲರ ಮಗಳು
ಅಂದರೆ ಎಂಟನೇ ಕ್ಲಾಸ್ ಸಾಕು ಅನ್ನುವ ವಾದ ನಿಂತದ್ದು ಹೊಲ ಇದ್ದ ಕಾಲಕ್ಕೆ. 1972ರ ಕೋರ್ಟ್ ತೀರ್ಪು ಕೂಡ ಇವರು ರೈತರು ಅನ್ನುವ ಲೆಕ್ಕದಲ್ಲೇ ಬಂತು. ಹೊಲ ಹೋಗಿ ಕಾರ್ಖಾನೆ ಬಂದ ಮೇಲೆ ಆ ವಾದ ಮತ್ತೆ ನೋಡಬೇಕಲ್ವಾ?

ಇತಿಹಾಸದ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ನೋಡಬೇಕು ಅಂತಲೇ ನನ್ನ ಅನಿಸಿಕೆಯೂ. ಕೆಲವು ಕಡೆ ಹುಡುಗರು ಹೊರಗಿನಿಂದ ಹೈಸ್ಕೂಲ್ ಸಮಾನ ಪರೀಕ್ಷೆ ಕಟ್ಟುವುದೂ ಇದೆ.

ಹಾಸನದ ರೈತ
ಬೇಸಾಯವೇ ಬೇಕು ಅನ್ನುವ ಹುಡುಗ ಏನು ಮಾಡುತ್ತಾನೆ ಹಾಗಾದರೆ?

ನರ್ಸ್ ಅಕ್ಕ
ವಲಸೆ ಹೋಗುತ್ತಾನೆ ಅಣ್ಣ. ಒಬ್ಬನೇ ಹೋಗುವಂತಿಲ್ಲ. ನಾಲ್ಕೈದು ಕುಟುಂಬ, ಆದಷ್ಟು ಬೇಗ ಒಬ್ಬ ಬೋಧಕ, ಇಷ್ಟು ಸೇರಿದರೆ ಹೊಸ ವಸತಿ. ಕೆಂಟಕಿ, ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, ಇಲ್ಲೆಲ್ಲ ಜಮೀನು ಅಗ್ಗ. ಕೆಲವು ವಸತಿ ಉಳಿಯುತ್ತವೆ, ಕೆಲವು ಹತ್ತು ವರ್ಷದಲ್ಲಿ ಮುಚ್ಚಿ ಜನ ವಾಪಸ್ ಬರುತ್ತಾರೆ. ಲ್ಯಾಂಕಾಸ್ಟರ್‌ನಲ್ಲೇ ಇರಬೇಕು ಅನ್ನುವವರು ಸ್ವಲ್ಪ ಜಾಗದಲ್ಲಿ ಸಾವಯವ ತರಕಾರಿ, ಹಸಿರುಮನೆ, ಚೀಸ್ ಮಾಡಿ ನೇರವಾಗಿ ಗಿರಾಕಿಗೆ ಮಾರುತ್ತಾರೆ.

ಹಾಸನದ ರೈತ
ನೇರವಾಗಿ ಗಿರಾಕಿಗೆ ಅಂದರೆ ದಲ್ಲಾಳಿ ಇಲ್ಲದೆಯಾ? ಎಷ್ಟು ಜನ ಸೇರಿ ಮಾಡುತ್ತಾರೆ, ಸಾಗಾಟ ಯಾರದ್ದು? ಇದರ ಬಗ್ಗೆ ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಸಸ್ಕ್ವೆಹಾನಾ ತೀರ
ನಾನು ನೋಡಿದ್ದು ತರಕಾರಿ ಹರಾಜು. ಗಾಡಿಯಲ್ಲಿ ತಂದ ಟೊಮೇಟೊ, ಜೋಳ, ಕಲ್ಲಂಗಡಿಯನ್ನು ಲಾಟ್ ಲೆಕ್ಕದಲ್ಲಿ ಇಡುತ್ತಾರೆ, ಅಂಗಡಿಯವರು, ಹೋಟೆಲಿನವರು ಅಲ್ಲೇ ನಿಂತು ಕೂಗಿ ಕೊಳ್ಳುತ್ತಾರೆ. ಹರಾಜು ಕಟ್ಟೆ ರೈತರದ್ದೇ, ಕಮಿಷನ್ ಕಮ್ಮಿ. ಇದು ಬೇರೆ ವಿಷಯ ಆಗುತ್ತದೆ, ಹೊಸ ಚರ್ಚೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ ಅಣ್ಣ.